ಎರಡು ರಾಜ್ಯಗಳ ನಡುವೆ ಕದನವಿರಾಮ: ಫ್ಯಾಂಟಸಿ ಕಾದಂಬರಿಯಲ್ಲಿ ಅದನ್ನು ಕಟ್ಟುವ ಬಗೆ

ಫ್ಯಾಂಟಸಿ ಬರೆಯಲು ಹೊರಟವರಿಂದ ಮತ್ತೆ ಮತ್ತೆ ಬರುವ ಪ್ರಶ್ನೆ ಇದು: ಯುದ್ಧದ ಅಧ್ಯಾಯಗಳು ಚೆನ್ನಾಗಿ ಓಡುತ್ತವೆ, ಆದರೆ ಎರಡೂ ಕಡೆಯವರನ್ನು ಮಾತುಕತೆಗೆ ಕೂರಿಸಿದ ಕೂಡಲೇ ಕಥೆ ಸೊರಗಿಬಿಡುತ್ತದೆ, ಏನು ಮಾಡುವುದು? ಇಬ್ಬರು ಅರಸರು ಗಂಭೀರವಾಗಿ ಮಾತಾಡುತ್ತಾರೆ, ಒಬ್ಬ ಮಂತ್ರಿ ಗಡ್ಡ ನೀವುತ್ತಾನೆ, ರಾತ್ರಿ ಯಾರೋ ವಿಷ ಹಾಕುತ್ತಾರೆ, ಬೆಳಗ್ಗೆ ಮತ್ತೆ ಯುದ್ಧ. ಓದುಗನಿಗೆ ಇದರಲ್ಲಿ ಯಾವುದೂ ತಟ್ಟುವುದಿಲ್ಲ.

ಕಾರಣ ಸರಳ. ಲೇಖಕರು ದೃಶ್ಯವನ್ನು ಬರೆದಿದ್ದಾರೆ, ಒಪ್ಪಂದವನ್ನು ಬರೆದಿಲ್ಲ. ಆ ಕಾಗದದಲ್ಲಿ ಏನಿದೆ ಎಂದು ಅವರಿಗೇ ಗೊತ್ತಿಲ್ಲದಿರುವಾಗ ಪಾತ್ರಗಳು ಯಾವುದರ ಬಗ್ಗೆ ಜಗಳವಾಡಬೇಕು? ಒಪ್ಪಂದದ ಒಂದೊಂದು ಕಲಮನ್ನೂ ಮೊದಲು ಕೂತು ಬರೆಯಿರಿ. ಒಳಸಂಚು ಆ ಕಲಮುಗಳ ಸಂದಿಯಿಂದಲೇ ಹುಟ್ಟುತ್ತದೆ, ಹೊರಗಿನಿಂದ ಖಳನಾಯಕನನ್ನು ಕರೆತರಬೇಕಾಗಿಲ್ಲ. ಈ ಮಾರ್ಗದರ್ಶಿ ಪೂರ್ತಿ ಅದರ ಬಗ್ಗೆಯೇ ಇದೆ.

ಮೊದಲು ಎರಡು ಪದ. ಕದನವಿರಾಮ ಎಂದರೆ ಒಂದು ಅವಧಿಯವರೆಗೆ ಹೋರಾಟ ನಿಲ್ಲಿಸುವುದು. ಯಾರು ಗೆದ್ದರು, ಭೂಮಿ ಯಾರದು ಎಂಬುದು ತೀರ್ಮಾನವಾಗಿರುವುದಿಲ್ಲ. ಸಂಧಿ ಎಂದರೆ ಆ ತೀರ್ಮಾನವನ್ನೂ ಒಳಗೊಂಡ ಒಪ್ಪಂದ. ನಿಮ್ಮ ಕಥೆಗೆ ಯಾವುದು ಬೇಕೆಂದು ಈಗಲೇ ನಿರ್ಧರಿಸಿ. ಎರಡನ್ನೂ ಕಲಸಿದರೆ ಮುಂದೆ ಪ್ರತಿ ಹೆಜ್ಜೆಯಲ್ಲೂ ತೊಡಕಾಗುತ್ತದೆ.

ಶುರುಮಾಡುವ ಮುನ್ನ ಬೇಕಾದ ಸಾಮಗ್ರಿ

ನಾಲ್ಕು ಹಾಳೆ ಸಾಕು. ಒಂದರಲ್ಲಿ ನಕ್ಷೆ: ಎರಡು ರಾಜಧಾನಿ, ನದಿ, ದಾರಿ, ಕಣಿವೆ, ಊರಿಂದೂರಿಗೆ ಎಷ್ಟು ಕಿಲೋಮೀಟರು ಎಂಬ ಅಂಕಿ. ಎರಡನೆಯದರಲ್ಲಿ ಪಂಚಾಂಗ: ಮಳೆ ಯಾವಾಗ, ಬಿತ್ತನೆ ಯಾವಾಗ, ಕೊಯ್ಲು ಯಾವಾಗ. ಮೂರನೆಯದರಲ್ಲಿ ಎರಡೂ ಆಸ್ಥಾನಗಳ ಜನ. ನಾಲ್ಕನೆಯದು ಒಪ್ಪಂದದ ಕರಡು.

ವಿವರಿಸಲು ಅನುಕೂಲವಾಗಲೆಂದು ಇಲ್ಲಿ ಎರಡು ಕಲ್ಪಿತ ರಾಜ್ಯ ಇಟ್ಟುಕೊಳ್ಳೋಣ. ಮೇಲೆ ಗುಡ್ಡದಲ್ಲಿ ಕೆಂಗೋಟೆ: ಕಬ್ಬಿಣ ಇದೆ, ಹೊಳೆಯ ಮೂಲ ಇದೆ, ಮಳೆ ತರಿಸಬಲ್ಲ ಮಂತ್ರಸಿದ್ಧರಿದ್ದಾರೆ. ಕೆಳಗೆ ಬಯಲಲ್ಲಿ ನೀರ್ನಾಡು: ಭತ್ತದ ಗದ್ದೆ, ಬಂದರು, ಹಣ. ನಡುವೆ ಒಂದು ಅಣೆ. ಅದರ ತೂಬನ್ನು ಕಾಯುವ ಕೋಟೆ ಕೆಂಗೋಟೆಯವರ ಕೈಯಲ್ಲಿದೆ, ನೀರ್ನಾಡಿನ ದಂಡು ಅದಕ್ಕೆ ಮುತ್ತಿಗೆ ಹಾಕಿದೆ.

ಹಂತ 1: ಯುದ್ಧ ನಿಂತದ್ದು ಯಾಕೆ ಎಂಬುದನ್ನು ಅಂಕಿಯಲ್ಲಿ ಬರೆಯಿರಿ

"ಎರಡೂ ಕಡೆ ಸಾಕಾಗಿತ್ತು" ಎಂಬ ವಾಕ್ಯ ನಡೆಯುವುದಿಲ್ಲ. ಯಾವ ಅರಸನೂ ಸಾಕಾಗಿ ಯುದ್ಧ ನಿಲ್ಲಿಸುವುದಿಲ್ಲ, ಮುಂದುವರಿಸಲಾಗದೆ ನಿಲ್ಲಿಸುತ್ತಾನೆ. ಆ 'ಆಗದಿರುವಿಕೆ' ಬಹುಪಾಲು ದಿನಸಿಯದ್ದು.

ಲೆಕ್ಕ ಹೀಗೆ ಮಾಡಿ. ನೀರ್ನಾಡಿನ ದಂಡಿನಲ್ಲಿ 12,000 ಕಾಲಾಳು, 2,000 ಕುದುರೆ ಸವಾರರು. ಅಡುಗೆಯವರು, ಹುಲ್ಲು ಕೊಯ್ಯುವವರು, ಕಮ್ಮಾರರು, ವ್ಯಾಪಾರಿಗಳು ಎಲ್ಲ ಸೇರಿ ಇನ್ನೂ 14,000 ಜನ ಎನ್ನಿ. ಹಳೆಯ ಕಾಲದ ಪಾಳೆಯಗಳಲ್ಲಿ ಸೈನಿಕರಷ್ಟೇ, ಕೆಲವೊಮ್ಮೆ ಅವರಿಗಿಂತ ಹೆಚ್ಚು, ಹಿಂಬಾಲಕರಿರುತ್ತಿದ್ದರು. ಒಬ್ಬರಿಗೆ ದಿನಕ್ಕೆ 1 ಕಿಲೋ ಧಾನ್ಯವಾದರೆ 28,000 ಕಿಲೋ. ಕುದುರೆಗೆ ಹುರುಳಿ 4 ಕಿಲೋದಂತೆ 8,000 ಕಿಲೋ. ಒಟ್ಟು 36,000. ಒಂದು ಹೇರೆತ್ತು ಸುಮಾರು 100 ಕಿಲೋ ಹೊರುತ್ತದೆ, ಅಂದರೆ ದಿನಕ್ಕೆ 360 ಹೇರು. ಕಣಜ ಆರು ದಿನದ ದಾರಿಯಲ್ಲಿದ್ದರೆ ಹೋಗಿ ಬರಲು 12 ದಿನ, ಹಾಗಾಗಿ ಯಾವ ಹೊತ್ತಿನಲ್ಲಿ ನೋಡಿದರೂ 4,320 ಎತ್ತುಗಳು ದಾರಿಯಲ್ಲಿರಬೇಕು. ಹುಲ್ಲಿನ ಲೆಕ್ಕ ಇದರಲ್ಲಿ ಸೇರಿಲ್ಲ. ಅದನ್ನು ಸುತ್ತಮುತ್ತಲಿಂದಲೇ ಕೊಯ್ಯಬೇಕು, ತಿಂಗಳೊಪ್ಪತ್ತಿನಲ್ಲಿ ಅದೂ ಮುಗಿಯುತ್ತದೆ.

ಈಗ ನಿಮ್ಮ ಮಂತ್ರಸಿದ್ಧರು ಮಳೆ ತರಿಸಿ ದಾರಿಯನ್ನು ಕೆಸರು ಮಾಡಿಬಿಡಲಿ. ಎತ್ತುಗಳು ದಿನಕ್ಕೆ 15 ಕಿಲೋಮೀಟರು ನಡೆಯುತ್ತಿದ್ದವು 7 ನಡೆಯುತ್ತವೆ. ದಂಡು ಒಂದು ಬಾಣವನ್ನೂ ಎದುರಿಸದೆ ಅರೆಹೊಟ್ಟೆಗಿಳಿಯುತ್ತದೆ. ಮಾತುಕತೆಗೆ ನಿಜವಾದ ಕಾರಣ ಸಿಕ್ಕಿತು. ಕೋಟೆಯೊಳಗೂ ಇದೇ ಲೆಕ್ಕ ಹಾಕಿ: ಬಾವಿಯ ನೀರು, ಉಗ್ರಾಣದ ಅಕ್ಕಿ, ಎಷ್ಟು ಬಾಯಿ, ಎಷ್ಟು ದಿನ.

ಇಲ್ಲಾಗುವ ದೊಡ್ಡ ತಪ್ಪು: ಒಂದು ಕಡೆಗೆ ಮಾತ್ರ ಕಷ್ಟ ಕೊಡುವುದು. ಒಬ್ಬರಿಗೆ ಮಾತ್ರ ಕಷ್ಟವಿದ್ದರೆ ಅದು ಶರಣಾಗತಿ. ಎರಡೂ ಕಡೆಗೆ ಕಷ್ಟವಿದ್ದು, ತಮ್ಮ ಕಷ್ಟ ಎದುರಾಳಿಗೆ ಎಷ್ಟು ಗೊತ್ತು ಎಂಬುದು ಇಬ್ಬರಿಗೂ ಗೊತ್ತಿಲ್ಲದಿದ್ದರೆ ಮಾತ್ರ ಮಾತುಕತೆಗೆ ಬಿಗಿ ಬರುತ್ತದೆ.

ಹಂತ 2: ಶಾಂತಿಯಿಂದ ನಷ್ಟವಾಗುವವರನ್ನು ಪಟ್ಟಿ ಮಾಡಿ

ಪ್ರತಿ ಆಸ್ಥಾನದಲ್ಲೂ ಕನಿಷ್ಠ ಮೂವರು ಇರಲಿ. ಒಬ್ಬೊಬ್ಬರ ಎದುರೂ ಬರೆಯಿರಿ: ಯುದ್ಧ ನಿಂತರೆ ಇವರಿಗೆ ಏನು ಹೋಗುತ್ತದೆ?

ನೀರ್ನಾಡಿನ ದಳವಾಯಿಗೆ ಯುದ್ಧ ಇರುವವರೆಗೆ ಖಜಾನೆಯ ಕೀಲಿ ಕೈಯಲ್ಲಿದೆ. ದಂಡಿಗೆ ಧಾನ್ಯ ಸಾಗಿಸುವ ಗುತ್ತಿಗೆದಾರನಿಗೆ ಅರಮನೆ ಆರು ತಿಂಗಳ ಬಾಕಿ ಕೊಡಬೇಕು, ಗೆದ್ದ ನೆಲದ ಕಂದಾಯದಿಂದ ತೀರಿಸುತ್ತೇವೆಂದು ಮಾತಾಗಿದೆ, ನೆಲ ಸಿಗದಿದ್ದರೆ ಅವನು ದಿವಾಳಿ. ಗಡಿಯ ಪಾಳೇಗಾರ ಎರಡೂ ಕಡೆಗೆ ಕಪ್ಪ ಕೊಡುವುದಾಗಿ ಹೇಳಿ ಯಾರಿಗೂ ಕೊಡದೆ ಬದುಕಿದ್ದಾನೆ, ಗೆರೆ ಎಳೆದರೆ ಅವನು ಒಬ್ಬರಿಗೆ ಕೊಡಲೇಬೇಕು. ಇವರಲ್ಲಿ ಯಾರೂ ಕೆಟ್ಟವರಲ್ಲ. ಎಲ್ಲರಿಗೂ ಮನೆ ಮಠ ಇದೆ, ಹೆದರಿಕೆ ಇದೆ. ಸಂಚು ಮಾಡುವವನಿಗೆ 'ಅಧಿಕಾರದ ಆಸೆ' ಎಂಬ ಒಂದೇ ಕಾರಣ ಕೊಡುವ ಅಭ್ಯಾಸವನ್ನು ದಯವಿಟ್ಟು ಬಿಡಿ. ಸಾಲ, ಉಂಬಳಿ, ಮಗಳ ಮದುವೆ, ಸೆರೆಯಲ್ಲಿರುವ ತಮ್ಮ: ಇಂಥವು ಹತ್ತು ಪಟ್ಟು ಗಟ್ಟಿ.

ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಉಭಯವೇತನ ಎಂಬ ಪದವಿದೆ, ಎರಡೂ ಕಡೆಯಿಂದ ಸಂಬಳ ಪಡೆಯುವ ಗೂಢಚಾರ ಎಂದರ್ಥ. ಅಂಥವನ ಹೆಂಡತಿ ಮಕ್ಕಳನ್ನು ಮೂಲ ಒಡೆಯ ತನ್ನ ಹಿಡಿತದಲ್ಲಿ ಇಟ್ಟುಕೊಳ್ಳಬೇಕೆಂದೂ ಅಲ್ಲೇ ಹೇಳಿದೆ. ನಿಮ್ಮ ಕಥೆಯಲ್ಲಿ ಇಂಥ ಪಾತ್ರವಿದ್ದರೆ ಅವನ ಮನೆಯವರು ಎಲ್ಲಿದ್ದಾರೆ ಎಂಬುದನ್ನು ನಕ್ಷೆಯಲ್ಲಿ ಗುರುತು ಮಾಡಿ. ಅವನು ಯಾವ ಕ್ಷಣದಲ್ಲಿ ಯಾರಿಗೆ ನಿಷ್ಠನಾಗಿರುತ್ತಾನೆ ಎಂಬುದಕ್ಕೆ ಉತ್ತರ ಅಲ್ಲಿರುತ್ತದೆ.

ಹಂತ 3: ರಾಯಭಾರಿಗೆ ಎಷ್ಟು ಅಧಿಕಾರ ಎಂದು ತೀರ್ಮಾನಿಸಿ

ಇದನ್ನು ಬಿಟ್ಟವರೇ ಹೆಚ್ಚು. ಅರ್ಥಶಾಸ್ತ್ರ ದೂತರನ್ನು ಮೂರು ಬಗೆ ಮಾಡುತ್ತದೆ. ನಿಸೃಷ್ಟಾರ್ಥ: ಪೂರ್ಣ ಅಧಿಕಾರ ಇರುವವನು, ಅಲ್ಲೇ ಒಪ್ಪಿಕೊಳ್ಳಬಲ್ಲ. ಪರಿಮಿತಾರ್ಥ: ಇಂತಿಷ್ಟು ವಿಷಯಕ್ಕೆ ಮಾತ್ರ ಅಧಿಕಾರ. ಶಾಸನಹರ: ಓಲೆ ತಲುಪಿಸುವವನು, ಅಷ್ಟೇ.

ಕಥೆಗೆ ಪರಿಮಿತಾರ್ಥನೇ ಉತ್ತಮ. ರಾಜಧಾನಿ 200 ಕಿಲೋಮೀಟರು ದೂರ, ಸವಾರ ದಿನಕ್ಕೆ 50 ಕಿಲೋಮೀಟರು ಹೋಗುತ್ತಾನೆ ಎನ್ನಿ. ಹೋಗಲು ನಾಲ್ಕು ದಿನ, ಅರಮನೆಯ ಸಮಾಲೋಚನೆಗೆ ಎರಡು, ಮರಳಲು ನಾಲ್ಕು. ಅಧಿಕಾರ ಮೀರಿದ ಒಂದೊಂದು ಪ್ರಶ್ನೆಗೂ ಹತ್ತು ದಿನ. ಆ ಹತ್ತು ದಿನ ಹಂತ 1ರ ಲೆಕ್ಕದಲ್ಲಿ 3,600 ಹೇರು ಧಾನ್ಯ! ರಾಯಭಾರಿ ಅಧಿಕಾರ ಮೀರಿ 'ಆಗಲಿ' ಎನ್ನಬೇಕೇ, ಹತ್ತು ದಿನ ಕಾಯಬೇಕೇ? ಒಳ್ಳೆಯ ಅಧ್ಯಾಯಕ್ಕೆ ಇಷ್ಟು ಸಾಕು. ದಾರಿಯಲ್ಲಿ ಕುದುರೆ ಬದಲಿಸುವ ಠಾಣೆಗಳಿದ್ದರೆ ಈ ಅವಧಿ ಅರ್ಧಕ್ಕಿಂತ ಕಡಿಮೆಯಾಗುತ್ತದೆ. ಒಂದು ಕಡೆಗೆ ಮಾತ್ರ ಅಂಥ ಠಾಣೆ ಕೊಟ್ಟು ನೋಡಿ.

ರಾಯಭಾರಿ ಒಪ್ಪಿದ್ದನ್ನು ಮೇಲಿನವರು ಒಪ್ಪದಿರುವುದೂ ಇದೆ. 1784ರ ಮಾರ್ಚ್‌ನಲ್ಲಿ ಟಿಪ್ಪು ಸುಲ್ತಾನನೊಂದಿಗೆ ಮಂಗಳೂರು ಒಪ್ಪಂದ ಮಾಡಿಕೊಂಡದ್ದು ಈಸ್ಟ್ ಇಂಡಿಯಾ ಕಂಪನಿಯ ಮದ್ರಾಸ್ ಸರ್ಕಾರ. ಕಲ್ಕತ್ತೆಯಲ್ಲಿದ್ದ ಗವರ್ನರ್ ಜನರಲ್ ವಾರನ್ ಹೇಸ್ಟಿಂಗ್ಸ್‌ಗೆ ಆ ಒಪ್ಪಂದ ಹಿಡಿಸಲೇ ಇಲ್ಲ. ಒಂದೇ ಕಡೆಯ ಎರಡು ಮೇಜುಗಳ ನಡುವಿನ ಈ ಬಿರುಕನ್ನು ನಿಮ್ಮ ರಾಜ್ಯಕ್ಕೂ ಕೊಡಿ.

ಹಂತ 4: ಜಾಗ ಮತ್ತು ಮರ್ಯಾದೆ

ಯಾರು ಯಾರ ಬಳಿಗೆ ಹೋಗುತ್ತಾರೆ ಎಂಬುದರಲ್ಲೇ ಅರ್ಧ ಒಪ್ಪಂದ ತೀರ್ಮಾನವಾಗಿರುತ್ತದೆ. 1783ರ ಕೊನೆಗೆ ಮದ್ರಾಸಿನಿಂದ ಹೊರಟ ಕಂಪನಿಯ ಪ್ರತಿನಿಧಿಗಳು ಇಡೀ ದಕ್ಷಿಣ ಭಾರತವನ್ನು ಅಡ್ಡ ಹಾಯ್ದು ಮಂಗಳೂರಿನ ಟಿಪ್ಪುವಿನ ಪಾಳೆಯಕ್ಕೆ ಬರಬೇಕಾಯಿತು. ದಾರಿಯುದ್ದಕ್ಕೂ ನೋಡಿದವರಿಗೆ ಯಾರು ಯಾರನ್ನು ಕೇಳಿಕೊಳ್ಳಲು ಹೋಗುತ್ತಿದ್ದಾರೆ ಎಂದು ಬಿಡಿಸಿ ಹೇಳಬೇಕಾಗಿರಲಿಲ್ಲ.

ಸಮಾನತೆ ಬೇಕಾದಾಗ ಇತಿಹಾಸದಲ್ಲಿ ಮಾಡಿದ ಉಪಾಯಗಳನ್ನು ನೋಡಿ. 1807ರ ಜೂನ್‌ನಲ್ಲಿ ನೆಪೋಲಿಯನ್ ಮತ್ತು ರಷ್ಯದ ತ್ಸಾರ್ ಅಲೆಕ್ಸಾಂಡರ್ ಟಿಲ್ಸಿಟ್ ಬಳಿ ನೇಮನ್ ನದಿಯ ನಡುವೆ ತೆಪ್ಪದ ಮೇಲೆ ಭೇಟಿಯಾದರು. ಆಟೊಮನ್ ತುರ್ಕರಿಗೂ ಯೂರೋಪಿನ ಮಿತ್ರರಾಜ್ಯಗಳಿಗೂ ಆದ 1699ರ ಕಾರ್ಲೊವಿಟ್ಜ್ ಸಂಧಿಯ ಮಾತುಕತೆಗೆ ಕಟ್ಟಿಸಿದ ಮನೆಗೆ ಬೇರೆ ಬೇರೆ ಬಾಗಿಲುಗಳಿದ್ದವು, ಯಾರೂ ಮೊದಲು ಹೋಗದೆ ಎಲ್ಲರೂ ಒಟ್ಟಿಗೆ ಒಳಹೊಗಲೆಂದು. ಸುರಕ್ಷತೆ ಕೆಟ್ಟದ್ದಕ್ಕೆ ಉದಾಹರಣೆ 1419ರ ಫ್ರಾನ್ಸಿನದು: ಮೋಂತರೋ ಸೇತುವೆಯ ನಡುವೆ ಬೇಲಿ ಕಟ್ಟಿದ ಜಾಗದಲ್ಲಿ ಮಾತುಕತೆಗೆ ಬಂದ ಬರ್ಗಂಡಿಯ ಡ್ಯೂಕ್ ಜಾನ್‌ನನ್ನು ಎದುರಿನ ಕಡೆಯವರು, ಅಂದರೆ ಫ್ರಾನ್ಸಿನ ಯುವರಾಜನ ಜನ, ಅಲ್ಲೇ ಕಡಿದು ಹಾಕಿದರು. ಮಾರನೆಯ ವರ್ಷ ಅವನ ಮಗ ಇಂಗ್ಲೆಂಡಿನ ಪಕ್ಷ ಸೇರಿ, ಫ್ರಾನ್ಸಿನ ಸಿಂಹಾಸನದ ಹಕ್ಕೇ ಇಂಗ್ಲೆಂಡಿನ ದೊರೆಗೆ ಹೋಗುವಂಥ ಒಪ್ಪಂದವಾಯಿತು. ಮಾತುಕತೆಯಲ್ಲಿ ಕೊಲೆ ಮಾಡಿಸುವವರು ಆ ಕೊಲೆಯ ಮರುವರ್ಷವನ್ನೂ ಬರೆದುಕೊಂಡಿರಬೇಕು.

ನಮ್ಮ ನೆಲದ ಉದಾಹರಣೆ ಇನ್ನೂ ಸೂಕ್ಷ್ಮ. 1406ರ ಹೊತ್ತಿನ ಯುದ್ಧದ ಬಳಿಕ ವಿಜಯನಗರದ ಒಂದನೇ ದೇವರಾಯ ಬಹಮನಿ ಸುಲ್ತಾನ ಫಿರೋಜ್ ಷಾನಿಗೆ ಮಗಳನ್ನು ಕೊಟ್ಟು, ಬಂಕಾಪುರವನ್ನೂ ಬಿಟ್ಟುಕೊಟ್ಟನೆಂದು ಇತಿಹಾಸಕಾರ ಫೆರಿಷ್ತಾ ಬರೆಯುತ್ತಾನೆ. ಮದುವೆ ಮುಗಿದು ಸುಲ್ತಾನ ಹೊರಟಾಗ ದೇವರಾಯ ಅವನ ಬೀಡಿನವರೆಗೂ ಬರದೆ ನಡುದಾರಿಯಲ್ಲೇ ಹಿಂದಿರುಗಿದ. ಸುಲ್ತಾನ ಅದನ್ನು ಅವಮಾನವೆಂದು ಮನಸ್ಸಿನಲ್ಲಿಟ್ಟುಕೊಂಡ, ಮಗಳು ಕೊಟ್ಟ ನಂಟು ಹಗೆಯನ್ನು ಕರಗಿಸಲಿಲ್ಲ. ಮುಂದೆ ಪಾನಗಲ್ಲಿನ ಯುದ್ಧದಲ್ಲಿ ಸೋಲು ಫಿರೋಜನದಾಯಿತು.

ಹಾಗಾಗಿ ಭೇಟಿಯ ದೃಶ್ಯಕ್ಕೆ ಮುನ್ನ ಇಷ್ಟನ್ನು ತೀರ್ಮಾನಿಸಿ: ಎಷ್ಟು ಜನ ಅಂಗರಕ್ಷಕರು, ಆಯುಧ ಎಲ್ಲಿ ಇಡುತ್ತಾರೆ, ಯಾರು ಎಷ್ಟು ಹೆಜ್ಜೆ ಎದುರು ಬರುತ್ತಾರೆ, ಆಸನಗಳ ಎತ್ತರ, ವೀಳ್ಯ ಯಾರು ಯಾರಿಗೆ ಕೊಡುತ್ತಾರೆ, ಊಟ ಯಾರ ಅಡುಗೆಯವರದು, ಬೀಳ್ಕೊಡುಗೆ ಎಲ್ಲಿಯವರೆಗೆ. ಇವುಗಳಲ್ಲಿ ಒಂದನ್ನು ಮಾತ್ರ ಕೆಡಿಸಿ. ನಾಲ್ಕು ಕೆಡಿಸಿದರೆ ಓದುಗನಿಗೆ ಯಾವುದೂ ನೆನಪಿರುವುದಿಲ್ಲ.

ಹಂತ 5: ಕಲಮುಗಳನ್ನು ಬರೆಯಿರಿ, ಪ್ರತಿಯೊಂದರಲ್ಲೂ ಬಿರುಕು ಹುಡುಕಿ

ಇಡೀ ಕೆಲಸದ ತಿರುಳು ಇದು, ಆತುರ ಬೇಡ. ಏಳು ಕಲಮು ಸಾಕು.

*ಅವಧಿ.* "ಬಿತ್ತನೆಯ ಹುಣ್ಣಿಮೆಯಿಂದ ಸುಗ್ಗಿಯ ಅಮಾವಾಸ್ಯೆಯವರೆಗೆ." ಯಾರ ಪಂಚಾಂಗದಲ್ಲಿ? ಕೆಂಗೋಟೆಯವರದು ಚಾಂದ್ರಮಾನ, ಆ ವರ್ಷ ಅಧಿಕಮಾಸ ಬಂದಿದೆ. ನೀರ್ನಾಡಿನವರು ಸೂರ್ಯನ ಲೆಕ್ಕ ಹಿಡಿದವರು. ಒಬ್ಬರ ಪ್ರಕಾರ ವಿರಾಮ ಮುಗಿದು ತಿಂಗಳಾಗಿದೆ, ಇನ್ನೊಬ್ಬರ ಪ್ರಕಾರ ಇನ್ನೂ ಚಾಲ್ತಿಯಲ್ಲಿದೆ. ಇಬ್ಬರೂ ಪ್ರಾಮಾಣಿಕರೇ. ಜ್ಯೋತಿಷಿಯೊಬ್ಬನಿಗೆ ಇದು ಮೊದಲೇ ಗೊತ್ತಿದ್ದು ಸುಮ್ಮನಿದ್ದರೆ? ಅದು ಸಂಚು.

*ಆರಂಭ.* ಸಹಿಯಾದ ಹೊತ್ತಿನಿಂದ ಜಾರಿಯೋ, ಸುದ್ದಿ ತಲುಪಿದ ಮೇಲೋ? 1783ರ ಜನವರಿಯಲ್ಲೇ ಬ್ರಿಟನ್ ಮತ್ತು ಫ್ರಾನ್ಸ್ ನಡುವೆ ಶಾಂತಿಯ ಪ್ರಾಥಮಿಕ ಒಪ್ಪಂದಕ್ಕೆ ಸಹಿ ಬಿದ್ದಿತ್ತು. ಆದರೂ ಜೂನ್‌ನಲ್ಲಿ ಕಡಲೂರಿನಲ್ಲಿ ಇದೇ ಎರಡು ದೇಶದವರು ನೆಲದ ಮೇಲೂ ಕಡಲಿನಲ್ಲೂ ಕಾದಾಡಿದರು, ಸುದ್ದಿ ಹಡಗಿನಲ್ಲಿ ಬರುತ್ತಿತ್ತು. ನಿಮ್ಮ ನಕ್ಷೆಯ ಅತ್ಯಂತ ದೂರದ ಠಾಣ್ಯ ಯಾವುದು, ಅಲ್ಲಿಗೆ ಎಷ್ಟು ದಿನ ಎಂದು ನೋಡಿ. ಆ ನಡುವಿನ ದಿನಗಳಲ್ಲಿ ಆದ ಸಾವಿಗೆ ಹೊಣೆ ಯಾರು ಎಂಬುದನ್ನು ಕಲಮು ಹೇಳದಿರಲಿ.

*ಗೆರೆ.* ಇದಕ್ಕೆ ಎರಡು ತತ್ತ್ವಗಳಿವೆ. ಒಂದು, ಯಾರ ಕೈಯಲ್ಲಿ ಏನಿದೆಯೋ ಅದು ಅವರದೇ. ಕಾರ್ಲೊವಿಟ್ಜ್‌ನಲ್ಲಿ ಹಿಡಿದದ್ದು ಈ ದಾರಿ. ಇನ್ನೊಂದು, ಯುದ್ಧಕ್ಕೆ ಮುಂಚೆ ಇದ್ದಂತೆ ಎಲ್ಲವನ್ನೂ ಹಿಂದಿರುಗಿಸುವುದು. ಮಂಗಳೂರು ಒಪ್ಪಂದದ್ದು ಈ ದಾರಿ. ಮೊದಲನೆಯದನ್ನು ಆರಿಸಿದರೆ ಸಹಿಯ ಹಿಂದಿನ ರಾತ್ರಿ ಎರಡೂ ಕಡೆಯವರು ಇನ್ನೊಂದು ಹಳ್ಳಿ ಹಿಡಿಯಲು ಓಡುತ್ತಾರೆ. ಎರಡನೆಯದನ್ನು ಆರಿಸಿದರೆ ಗೆದ್ದ ಊರನ್ನು ಬಿಟ್ಟುಕೊಡಲೊಲ್ಲದ ಠಾಣೇದಾರ ಹುಟ್ಟುತ್ತಾನೆ. ಯಾವ ತಲೆನೋವು ನಿಮ್ಮ ಕಥೆಗೆ ಹೊಂದುತ್ತದೋ ಆ ತತ್ತ್ವವನ್ನು ತೆಗೆದುಕೊಳ್ಳಿ. ನದಿಯನ್ನೇ ಗಡಿ ಮಾಡಿದರೆ ಮಳೆಗಾಲದಲ್ಲಿ ನದಿ ಪಾತ್ರ ಬದಲಿಸುತ್ತದೆ ಎಂಬುದು ನೆನಪಿರಲಿ, ಅದರಲ್ಲೂ ಮಳೆ ತರಿಸುವವರು ಒಂದೇ ಕಡೆ ಇರುವಾಗ.

*ದಿನಸಿ.* ವಿರಾಮದ ಅವಧಿಯಲ್ಲಿ ಮುತ್ತಿಗೆಯೊಳಗಿನ ಕೋಟೆಗೆ ಅನ್ನ ಹೇಗೆ? ಕಡಲೂರಿನ ಕದನ ನಿಲ್ಲಿಸಿದ ಅದೇ ಸುದ್ದಿ, ಟಿಪ್ಪು ಮುತ್ತಿಗೆ ಹಾಕಿದ್ದ ಮಂಗಳೂರಿಗೂ ಬಂತು. ಟಿಪ್ಪುವಿನ ಜತೆಗಿದ್ದ ಫ್ರೆಂಚರು ಕೈಬಿಟ್ಟರು, 1783ರ ಆಗಸ್ಟ್ 2ರಂದು ಕದನವಿರಾಮವಾಯಿತು. ಕೋಟೆಯೊಳಗಿದ್ದ ಕಂಪನಿಯ ಪಡೆಗೆ ದಿನಸಿ ಒದಗಿಸುವ ಬಗ್ಗೆ ಮಾತಾಗಿತ್ತು. ಎಷ್ಟು, ಯಾರಿಂದ, ಯಾವ ಬೆಲೆಗೆ ಎಂಬಲ್ಲಿ ಜಗಳ ಮುಗಿಯಲೇ ಇಲ್ಲ. ಹಸಿವು ಮತ್ತು ಸ್ಕರ್ವಿ ರೋಗ ಆ ಪಡೆಯನ್ನು ತಿಂದುಹಾಕಿದವು. ಮುತ್ತಿಗೆಯನ್ನು ತಡೆದುಕೊಂಡಿದ್ದ ಕೋಟೆ ವಿರಾಮವನ್ನು ತಡೆದುಕೊಳ್ಳಲಾರದೆ 1784ರ ಜನವರಿಯಲ್ಲಿ ಶರಣಾಯಿತು. ಕದನವಿರಾಮ ಬರೆಯುವ ಯಾರೇ ಆಗಲಿ ಈ ಆರು ತಿಂಗಳನ್ನು ಓದಿಕೊಳ್ಳಬೇಕು. ನಿಮ್ಮ ಕಲಮಿನಲ್ಲಿ "ಹತ್ತು ದಿನಕ್ಕೊಮ್ಮೆ, ಎಂಟು ದಿನಕ್ಕಾಗುವಷ್ಟು ಅಕ್ಕಿ" ಎಂದು ಬರೆದು ನೋಡಿ. ಎರಡು ದಿನದ ಆ ಕೊರತೆ ಮೂರನೆಯ ತಿಂಗಳಿಗೆ ಬಂಡಾಯವಾಗುತ್ತದೆ.

*ತೂಬು.* ನಿಮ್ಮ ಕಥೆಯ ಜಗಳದ ವಸ್ತು ಏನೇ ಆಗಿರಲಿ, ಅದಕ್ಕೆ ಅಳತೆ ಕೊಡಿ. "ನೀರನ್ನು ನ್ಯಾಯವಾಗಿ ಬಿಡತಕ್ಕದ್ದು" ಎಂದರೆ ಏನೂ ಹೇಳಿದಂತಾಗಲಿಲ್ಲ. "ತೂಬನ್ನು ಎರಡು ಗೇಣು ಎತ್ತತಕ್ಕದ್ದು, ಬೆಳಗಿನಿಂದ ಸಂಜೆಯವರೆಗೆ." ಯಾರ ಗೇಣು, ಅಳೆಯುವವನು ಯಾರು, ಮಂಜು ಮುಸುಕಿದ ದಿನ ಬೆಳಗು ಯಾವಾಗ, ಅಣೆಯಲ್ಲೇ ನೀರಿಲ್ಲದಾಗ ಎರಡು ಗೇಣು ಎತ್ತಿ ಏನು ಫಲ? ಬರಗಾಲದ ವರ್ಷದ ಬಗ್ಗೆ ಕಲಮು ಮೌನವಾಗಿರಲಿ, ಮುಂದಿನ ಸಂಪುಟಕ್ಕೆ ಅಲ್ಲೇ ಬಾಗಿಲಿದೆ.

*ಓಡಿಬಂದವರು.* ಈಜಿಪ್ಟಿನ ಎರಡನೇ ರಾಮೆಸಿಸ್ ಮತ್ತು ಹಿಟೈಟ್ ದೊರೆ ಮೂರನೇ ಹತ್ತುಸಿಲಿ ಕ್ರಿ.ಪೂ. 1259ರ ಸುಮಾರಿಗೆ ಮಾಡಿಕೊಂಡ ಸಂಧಿಯಲ್ಲೇ ಈ ಕಲಮಿದೆ: ಓಡಿಬಂದವರನ್ನು ಹಿಂದಿರುಗಿಸಬೇಕು, ಹಿಂದಿರುಗಿದವರನ್ನು ಕೊಲ್ಲಬಾರದು, ಅಂಗಹೀನ ಮಾಡಬಾರದು, ಅವರ ಹೆಂಡತಿ ಮಕ್ಕಳಿಗೆ ತೊಂದರೆ ಕೊಡಬಾರದು. ನಿಮ್ಮ ಕಥೆಯಲ್ಲಿ ಕೆಂಗೋಟೆಯಿಂದ ಓಡಿಬಂದು ನೀರ್ನಾಡಿನಲ್ಲಿ ಬದುಕು ಕಟ್ಟಿಕೊಂಡ ಮಂತ್ರಸಿದ್ಧೆ ಇದ್ದರೆ, ಈ ಒಂದು ಕಲಮು ಅವಳ ಪಾಲಿಗೆ ಇಡೀ ಯುದ್ಧಕ್ಕಿಂತ ದೊಡ್ಡದು.

*ಮುರಿದರೆ.* ಉಲ್ಲಂಘನೆಯಾಯಿತೆಂದು ತೀರ್ಪು ಕೊಡುವವರು ಯಾರು, ಮತ್ತೆ ಯುದ್ಧ ಶುರುಮಾಡಲು ಎಷ್ಟು ದಿನದ ಮುನ್ಸೂಚನೆ ಕೊಡಬೇಕು ಎಂಬುದು ಇಲ್ಲಿ. ಮುನ್ಸೂಚನೆಯ ದಿನಗಳು ದಂಡು ಸೇರಿಸಲು ಬೇಕಾದ ದಿನಗಳಿಗಿಂತ ಕಡಿಮೆಯಿದ್ದರೆ, ಇಬ್ಬರೂ ದಂಡನ್ನು ಕರಗಿಸುವುದಿಲ್ಲ. ಕರಗಿಸದ ದಂಡು ತಿನ್ನುತ್ತಲೇ ಇರುತ್ತದೆ.

ಕೊನೆಗೆ ಪ್ರತಿಗಳ ಪ್ರಶ್ನೆ. ಮೇಲೆ ಹೇಳಿದ ರಾಮೆಸಿಸ್ ಸಂಧಿಯ ಎರಡು ಪಾಠಗಳು ಸಿಕ್ಕಿವೆ, ಒಂದು ಈಜಿಪ್ಟಿನ ದೇವಾಲಯದ ಗೋಡೆಯ ಮೇಲೆ, ಇನ್ನೊಂದು ಹಿಟೈಟ್ ರಾಜಧಾನಿಯ ಜೇಡಿಮಣ್ಣಿನ ಹಲಗೆಯಲ್ಲಿ. ಶಾಂತಿ ಬೇಡಿ ಬಂದವರು ಎದುರಿನವರು ಎಂದು ಇಬ್ಬರೂ ಹೇಳಿಕೊಂಡಿದ್ದಾರೆ. ನಿಮ್ಮ ರಾಯಸದವರಿಗೆ, ಅಂದರೆ ಆಸ್ಥಾನದ ಬರಹಗಾರರಿಗೆ, ಬೇರೆ ಬೇರೆ ಭಾಷೆ ಕೊಡಿ. ಒಂದು ಪ್ರತಿಯಲ್ಲಿ 'ಕಾಣಿಕೆ' ಎಂದಿರುವುದು ಇನ್ನೊಂದರಲ್ಲಿ 'ಕಪ್ಪ' ಆಗಿರಲಿ.

ಹಂತ 6: ಮಾತು ಉಳಿಸಿಕೊಳ್ಳುವಂತೆ ಹಿಡಿದಿಡುವುದು ಏನು?

ಆಣೆ, ಒತ್ತೆಯಾಳು, ಮದುವೆ, ಜಾಮೀನು ನಿಲ್ಲುವ ಮೂರನೆಯವರು. ಫ್ಯಾಂಟಸಿಯಲ್ಲಿ ಎಲ್ಲರೂ ಮೊದಲು ಕೈಹಾಕುವುದು ಮದುವೆಗೆ. ಅದನ್ನು ಕೊನೆಗಿಡಿ ಎಂಬುದು ನನ್ನ ಸಲಹೆ. ಒತ್ತೆಯಾಳಿನಲ್ಲಿ ಕಥೆಗೆ ಹೆಚ್ಚು ಜೀವವಿದೆ.

1792ರ ಶ್ರೀರಂಗಪಟ್ಟಣ ಒಪ್ಪಂದದಲ್ಲಿ ಟಿಪ್ಪು ಅರ್ಧ ರಾಜ್ಯ ಬಿಟ್ಟುಕೊಟ್ಟು, 3 ಕೋಟಿ 30 ಲಕ್ಷ ರೂಪಾಯಿ ದಂಡ ಒಪ್ಪಿಕೊಂಡು, ಅದು ತೀರುವವರೆಗೆ ಇಬ್ಬರು ಎಳೆಯ ಗಂಡುಮಕ್ಕಳನ್ನು ಒತ್ತೆಯಾಗಿ ಕಳಿಸಿದ. ಮಕ್ಕಳು ಮರಳಿದ್ದು 1794ರಲ್ಲಿ. ಆ ಎರಡು ವರ್ಷ ಕಂದಾಯ ಎತ್ತುವ ಪ್ರತಿಯೊಬ್ಬ ಅಮಲ್ದಾರನ ಹಿಂದೆ ಈ ಮಕ್ಕಳಿದ್ದರು. ನಿಮ್ಮ ಒತ್ತೆಯಾಳಿಗೂ ಹೀಗೆ ಒಂದು ಲೆಕ್ಕ ಕೊಡಿ: ಎಷ್ಟು ಕಂತು, ಯಾವ ಕಂತಿಗೆ ಯಾರು ಬಿಡುಗಡೆ, ಒಂದು ಕಂತು ತಪ್ಪಿದರೆ ಏನು. ಅವರನ್ನು ಯಾರು ನೋಡಿಕೊಳ್ಳುತ್ತಾರೆ, ಯಾವ ಭಾಷೆ ಕಲಿಯುತ್ತಾರೆ, ಮರಳಿದಾಗ ಯಾರನ್ನು ಮನೆಯವರೆಂದು ಕರೆಯುತ್ತಾರೆ ಎಂಬುದನ್ನೂ.

ಆಣೆಯ ಬಗ್ಗೆ ಅರ್ಥಶಾಸ್ತ್ರದಲ್ಲಿ ಸೊಗಸಾದ ವಾದವಿದೆ. ಆಣೆಯ ಮೇಲೆ ನಿಂತ ಸಂಧಿ ಚಂಚಲ, ಜಾಮೀನಿನ ಮೇಲೆ ಅಥವಾ ಒತ್ತೆಯ ಮೇಲೆ ನಿಂತದ್ದು ಸ್ಥಿರ ಎಂದು ಹಿಂದಿನ ಆಚಾರ್ಯರು. ಕೌಟಿಲ್ಯ ಒಪ್ಪುವುದಿಲ್ಲ: ಆಣೆ ಇಹಕ್ಕೂ ಪರಕ್ಕೂ ಕಟ್ಟುತ್ತದೆ, ಜಾಮೀನು ಮತ್ತು ಒತ್ತೆ ಇಹಕ್ಕೆ ಮಾತ್ರ, ಅದೂ ಬಲವಿದ್ದರೆ. ನಿಮ್ಮ ಲೋಕದಲ್ಲಿ ದೇವರುಗಳು ನಿಜವಾಗಿ ಇದ್ದರೆ ಈ ವಾದ ಬರೀ ವಾದವಾಗಿ ಉಳಿಯುವುದಿಲ್ಲ. ಅದನ್ನು ಇಬ್ಬರು ಮಂತ್ರಿಗಳ ಬಾಯಲ್ಲಿ ಇಡಿ.

ಹಂತ 7: ಮಂತ್ರಶಕ್ತಿಗೆ ಬೇಲಿ ಹಾಕಿ

ಸುಳ್ಳು ಹಿಡಿಯುವ ಮಂತ್ರ, ಮನಸ್ಸು ಓದುವ ಹರಳು, ಮುರಿದರೆ ಸಾಯಿಸುವ ಆಣೆ: ಇವುಗಳಲ್ಲಿ ಯಾವುದಾದರೂ ಒಂದು ಪೂರ್ತಿ ಕೆಲಸ ಮಾಡಿದರೂ ಒಳಸಂಚು ಮುಗಿಯಿತು. ಮೂರು ಬೇಲಿ ಹಾಕಬಹುದು. ಆಣೆ ಅಕ್ಷರವನ್ನು ಮಾತ್ರ ಕಾಯುತ್ತದೆ, ಉದ್ದೇಶವನ್ನಲ್ಲ. ಆಗ ಹಂತ 5ರ ಬಿರುಕುಗಳೆಲ್ಲ ಹತ್ತು ಪಟ್ಟು ಬೆಲೆಬಾಳುತ್ತವೆ. ಅಥವಾ ಆಣೆ ಇಟ್ಟವನನ್ನು ಮಾತ್ರ ಕಟ್ಟುತ್ತದೆ. ಅರಸ ಸತ್ತರೆ ಮಗ ಸ್ವತಂತ್ರ, ಆಗ ಅರಸನ ಆರೋಗ್ಯವೇ ರಾಜ್ಯರಹಸ್ಯ. ಅಥವಾ ಸುಳ್ಳು ಹಿಡಿಯುವ ಮಂತ್ರ ಮಾತಾಡುವವನು ನಂಬಿದ್ದನ್ನು ಮಾತ್ರ ಅಳೆಯುತ್ತದೆ. ಆಗ ಜಾಣ ಅರಸ ತನ್ನ ರಾಯಭಾರಿಗೇ ಸುಳ್ಳು ಹೇಳಿ ಕಳಿಸುತ್ತಾನೆ. ಮೂರನೆಯದನ್ನು ಹಂತ 3ರ ಪರಿಮಿತಾರ್ಥನ ಜತೆ ಸೇರಿಸಿದರೆ ಬಹಳ ಚೆನ್ನಾಗಿ ಕೂರುತ್ತದೆ.

ಬೇಲಿಯನ್ನು ಓದುಗನಿಗೆ ಮಾತುಕತೆಗೆ ಕನಿಷ್ಠ ಎರಡು ಅಧ್ಯಾಯ ಮೊದಲೇ, ಬೇರೆ ಸಣ್ಣ ಪ್ರಸಂಗದಲ್ಲಿ ತೋರಿಸಿ. ಬಿಕ್ಕಟ್ಟಿನ ಕ್ಷಣದಲ್ಲಿ ಹೊಸ ನಿಯಮ ಹೇಳಿದರೆ ಓದುಗನಿಗೆ ಮೋಸ ಮಾಡಿದಂತೆ.

ಹಂತ 8: ಈಗ ದೃಶ್ಯ ಬರೆಯಿರಿ

ಪ್ರತಿ ಕಡೆಗೂ ಮೂರು ಸಾಲಿನ ಗುಟ್ಟಿನ ಚೀಟಿ: ಕೇಳುವುದು ಏನು, ಸಿಕ್ಕರೆ ಸಾಕು ಎನ್ನುವುದು ಏನು, ಯಾವುದಕ್ಕಿಂತ ಕೆಳಗೆ ಇಳಿದರೆ ಎದ್ದು ಹೋಗುವುದು. ಎರಡೂ ಚೀಟಿಗಳ ಎರಡನೆಯ ಸಾಲುಗಳು ಒಂದನ್ನೊಂದು ಸ್ವಲ್ಪವೇ ಮುಟ್ಟುವಂತಿರಲಿ. ಪೂರ್ತಿ ಹೊಂದಿದರೆ ಒಂದೇ ಪುಟದಲ್ಲಿ ಮುಗಿಯುತ್ತದೆ, ಮುಟ್ಟದೇ ಇದ್ದರೆ ಯಾರೂ ಕೂರುವುದೇ ಇಲ್ಲ.

ಒಂದು ದೃಶ್ಯದಲ್ಲಿ ಒಂದೇ ಕಲಮು. ದಿನಸಿಯ ಕಲಮಿನ ದಿನ ಗೆರೆಯ ಮಾತು ಬೇಡ. ಮಾತಾಡುವವರು ನಾಲ್ವರಿಗಿಂತ ಹೆಚ್ಚಾದರೆ ಓದುಗ ತಪ್ಪಿಹೋಗುತ್ತಾನೆ, ಉಳಿದವರು ಹಿಂದೆ ನಿಂತಿರಲಿ. ನಿಜವಾದ ಒಪ್ಪಿಗೆಗಳು ಸಭೆಯ ಹೊರಗೆ ಆಗಲಿ: ಕುದುರೆ ಲಾಯದಲ್ಲಿ, ರಾಯಸದವರಿಬ್ಬರು ಪ್ರತಿ ತಾಳೆ ನೋಡುವಾಗ, ಸೆರೆಯಾಳುಗಳ ಪಟ್ಟಿ ಓದುವಾಗ. ಸಭೆಯಲ್ಲಿ ನಡೆಯುವುದು ಘೋಷಣೆ ಮಾತ್ರ. ಮಾತಿನ ಭಾಷೆಯ ಬಗ್ಗೆಯೂ ಎಚ್ಚರ. ಅರಸನೆದುರು ಬಿನ್ನವಿಸಿಕೊಳ್ಳುವ ಗೌರವದ ಕನ್ನಡವನ್ನು ಅದೇ ರಾಯಭಾರಿ ತನ್ನ ಸೇವಕನ ಜತೆಯೂ ಆಡಿದರೆ ಇಬ್ಬರೂ ಗೊಂಬೆಗಳಾಗುತ್ತಾರೆ.

ಹಂತ 9: ಮುರಿಯುವ ದಿನಚರಿ

ಕದನವಿರಾಮ ಒಮ್ಮೆಲೇ ಮುರಿಯುವುದಿಲ್ಲ. ಮೊದಲು ಒಂದು ಸಣ್ಣ ತಪ್ಪು, ಅದಕ್ಕೆ ಎದುರಾಗಿ ಇನ್ನೊಂದು ಸಣ್ಣ ಪ್ರತೀಕಾರ, ಆಮೇಲೆ ಹಿಂದಿರುಗಲಾಗದ ಹೆಜ್ಜೆ. 1366ರ ಸುಮಾರಿಗೆ ಬಹಮನಿಯ ಒಂದನೇ ಮುಹಮ್ಮದ್ ಷಾ ತನ್ನ ಸಂಗೀತಗಾರರ ಸಂಭಾವನೆಯನ್ನು ವಿಜಯನಗರದ ಖಜಾನೆಯಿಂದ ಕೊಡಬೇಕೆಂದು ಬರೆದು ಕಳಿಸಿದ್ದೇ ಬುಕ್ಕರಾಯನೊಂದಿಗಿನ ಯುದ್ಧಕ್ಕೆ ಕಿಡಿಯಾಯಿತೆಂದು ಫೆರಿಷ್ತಾ ಹೇಳುತ್ತಾನೆ. ಭೀಕರ ಹತ್ಯಾಕಾಂಡದ ನಂತರ, ಇನ್ನು ಮುಂದೆ ನಿರಾಯುಧರನ್ನು ಕೊಲ್ಲಬಾರದೆಂದು ಎರಡೂ ಕಡೆ ಒಪ್ಪಿದರೆಂದೂ ಅವನೇ ಬರೆದಿದ್ದಾನೆ. ಕಿಡಿ ಎಷ್ಟು ಸಣ್ಣದಿರಬಹುದೆಂಬುದಕ್ಕೆ ಇದು ಅಳತೆಗೋಲು.

ಒಂದು ಕೋಷ್ಟಕ ಮಾಡಿ. ಎಡಗಡೆ ದಿನಗಳು, ಮೇಲ್ಗಡೆ ಪಾತ್ರಗಳ ಹೆಸರು. ಪ್ರತಿ ಮನೆಯಲ್ಲಿ 'ಆ ದಿನ ಇವರಿಗೆ ಏನು ಗೊತ್ತು' ಎಂದು ತುಂಬಿ. ಮೊದಲನೆಯ ದಿನ ಅಣೆಯ ಬಳಿ ಇಬ್ಬರು ಹುಲ್ಲು ಕೊಯ್ಯುವವರು ಸತ್ತರು. ಕೋಟೆಯವರಿಗೆ ಅಂದೇ ಗೊತ್ತು, ನೀರ್ನಾಡಿನ ಪಾಳೆಯಕ್ಕೆ ಮಾರನೆಯ ದಿನ, ರಾಜಧಾನಿಗೆ ಐದನೆಯ ದಿನ. ಐದನೆಯ ದಿನ ಅರಮನೆ ಹೊರಡಿಸಿದ ಆಜ್ಞೆ ಒಂಬತ್ತನೆಯ ದಿನ ಪಾಳೆಯ ತಲುಪುವಾಗ ಅಲ್ಲಿ ಆರನೆಯ ದಿನವೇ ಪರಿಹಾರ ಕೊಟ್ಟು ರಾಜಿಯಾಗಿದೆ. ಈಗ ದಳವಾಯಿಯ ಕೈಯಲ್ಲಿ ಮುದ್ರೆ ಒತ್ತಿದ ಯುದ್ಧದ ನಿರೂಪವಿದೆ, ಎದುರಿಗೆ ಮುಗಿದುಹೋದ ಜಗಳ. ಅವನು ಅದನ್ನು ಓದಿ ಹೇಳುತ್ತಾನೋ, ಮಡಚಿ ಇಟ್ಟುಕೊಳ್ಳುತ್ತಾನೋ?

ಕೋಷ್ಟಕದಲ್ಲಿ ಒಬ್ಬನಿಗೆ ಸುದ್ದಿ ಅವನಿಗೆ ತಲುಪಬೇಕಾದ ದಿನಕ್ಕಿಂತ ಮುಂಚೆ ಗೊತ್ತಿರುವುದು ಕಂಡರೆ ಎರಡರಲ್ಲೊಂದು: ನೀವು ಲೆಕ್ಕ ತಪ್ಪಿದ್ದೀರಿ, ಇಲ್ಲವೇ ಅವನಿಗೆ ಗೂಢಚಾರನಿದ್ದಾನೆ. ಎರಡನೆಯದಾದರೆ ಆ ಗೂಢಚಾರನನ್ನು ಹಂತ 2ರ ಹಾಳೆಗೆ ಸೇರಿಸಿ, ಅವನ ಮನೆಯವರು ಎಲ್ಲಿದ್ದಾರೆಂದು ಬರೆದು, ಹಂತ 5ರ ಏಳು ಕಲಮುಗಳನ್ನೂ ಅವನ ಕಣ್ಣಿನಿಂದ ಇನ್ನೊಮ್ಮೆ ಓದಿ ತಿದ್ದಿ.